ಹಾದಿ ಬಿಟ್ಟವರು

ಅವರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಸಂಬಳದ ದಿನ ಬಿಟ್ಟರೆ ಬೇರೆ ಯಾವ ದಿನವೂ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ. ಬಸ್ ಡಿಪೋದಿಂದ ಹಿಡಿದು ಮನೆಯ ಬೀದಿಯ ತುದಿಯವರೆಗೆ ಎಲ್ಲರಿಗೂ ಅವರು ಆಯ್ತಪ್ಪನವರೇ. ಏನು ಕೇಳಿದರೂ, ಯಾರು ಕೇಳಿದರೂ, ಕೇಳುವವರ ಮಾತು ಮುಗಿಯುವ ಮೊದಲೇ "ಆಯ್ತು" ಅನ್ನುವುದು ಅವರ ನಾಲಿಗೆಯ ಗುಣ. ಇಂಥವರಿಗೆ ಯಾವ ಕೆಲಸ ಕೊಡಬಾರದಿತ್ತೋ ಹಣೆಬರಹ ಅದನ್ನೇ ಹುಡುಕಿ ಕೊಟ್ಟಿತ್ತು. ಡಿಪೋದಲ್ಲಿ ಕಳೆದುಹೋದ ಸಾಮಾನಿನ ವಿಭಾಗಕ್ಕೆ ಅವರು ಗುಮಾಸ್ತರು.

ಬಸ್ಸಿನಲ್ಲಿ ಜನ ಮರೆತುಹೋದ ಕೊಡೆ, ಚೀಲ, ಕನ್ನಡಕ, ಒಂಟಿ ಚಪ್ಪಲಿ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಎಲ್ಲವೂ ಅವರ ಬೆನ್ನ ಹಿಂದಿನ ಕಪಾಟಿಗೆ ಬರುತ್ತಿದ್ದವು. "ಆ ಕರಿ ಕೊಡೆ ನಂದು" ಎಂದು ಯಾರಾದರೂ ಕೈ ತೋರಿಸಿದರೆ "ಆಯ್ತು, ತಗೊಳ್ಳಿ" ಎಂದು ಎತ್ತಿ ಕೊಡುತ್ತಿದ್ದರು. ಮಳೆಗಾಲ ಹತ್ತಿರ ಬಂದಾಗ ಊರಿನ ಅರ್ಧ ಜನಕ್ಕೆ ತಾವು ಕೊಡೆ ಕಳೆದುಕೊಂಡದ್ದು ನೆನಪಾಗುತ್ತಿತ್ತು.

ಅವರು ಇದ್ದ ಮನೆ ಹೆಂಡತಿಯದು. ಮಾವ ಕಟ್ಟಿಸಿ ಮಗಳ ಹೆಸರಿಗೆ ಮಾಡಿಕೊಟ್ಟದ್ದು. ಮಾವ ಹೈಸ್ಕೂಲಿನಲ್ಲಿ ಹೆಡ್ ಮಾಸ್ತರಾಗಿ ನಿವೃತ್ತರಾಗಿ ಬೇರೆ ಊರಿನಲ್ಲಿದ್ದರು. ಅಳಿಯನ ಹೆಸರಿಗೆ ಯಾಕೆ ಮಾಡಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಮಾಡಬಹುದಿತ್ತು. ಮೊದಲು ಬಂದು ಕೇಳಿದವನಿಗೆ ಆಯ್ತು ಅಂತ ಕೊಟ್ಟುಬಿಡ್ತಾನೆ" ಎಂದಿದ್ದರಂತೆ. ಈ ಮಾತು ಆಯ್ತಪ್ಪನವರ ಕಿವಿಗೂ ಬಿದ್ದಿತ್ತು. ಅವರು ಅದಕ್ಕೂ ಆಯ್ತು ಎಂದು ಸುಮ್ಮನಿದ್ದರು. ಒಳಗೆ ಮಾತ್ರ ಅದು ಮುಳ್ಳಿನ ಹಾಗೆ ಉಳಿದಿತ್ತು.

ಆ ಬೀದಿಯ ಮನೆಗಳ ಬೆನ್ನಿಗೆ ಹಿಂದೆ ರೈಲು ಓಡುತ್ತಿತ್ತು. ಹಳಿ ಕಿತ್ತು ವರ್ಷಗಳಾಗಿ, ಆ ಜಾಗದಲ್ಲಿ ಪೊದೆ ಬೆಳೆದು, ಬೀದಿಯವರ ಹಳೆಯ ಹಾಸಿಗೆಗಳೆಲ್ಲ ಅಲ್ಲಿ ಹೋಗಿ ಮಲಗಿದ್ದವು. ಈಗ ನಗರಸಭೆಗೆ ಎಲ್ಲಿಂದಲೋ ಒಳ್ಳೆಯ ಬುದ್ಧಿ ಬಂದು, ಹೊಳೆಯ ಸೇತುವೆಯಿಂದ ಮಾರುಕಟ್ಟೆಯವರೆಗೆ ನಡೆಯುವವರಿಗೂ ಸೈಕಲ್ಲಿನವರಿಗೂ ಒಂದು ಹಾದಿ ಮಾಡಲು ಹೊರಟಿತ್ತು. ಎಲ್ಲ ಸರಿಯಾಗಿತ್ತು, ಬೀದಿಯ ಕೊನೆಯ ಮನೆಯ ಹತ್ತಿರ ಮಾತ್ರ ಒಂದು ಕಡೆ ನೀರಿನ ಪಂಪ್‌ಹೌಸು ಅಡ್ಡ. ಅಲ್ಲಿ ಹಾದಿ ದಾಟಬೇಕಾದರೆ ಕೊನೆಯ ಮನೆಯವರು ಹಿತ್ತಿಲಿನಿಂದ ನಾಲ್ಕು ಅಡಿ ಬಿಟ್ಟುಕೊಡಬೇಕು. ಕೊಡದಿದ್ದರೆ ಹಾದಿ ಅಲ್ಲಿಗೇ ನಿಂತಿತು. ಮುಂದಿನದು ಲಾರಿಗಳು ಓಡುವ ದೊಡ್ಡ ರಸ್ತೆ. ಕೊನೆಯ ಮನೆ ಯಾರದು ಎಂದು ಬೇರೆ ಹೇಳಬೇಕಾಗಿಲ್ಲ.

ಈ ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರಮ್ಮ ಎರಡು ಸಲ ಬಂದಾಗಲೂ ಮನೆಗೆ ಬೀಗ. ಗಂಡ ಡಿಪೋದಲ್ಲಿ, ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ. ಹಾಗಾಗಿ ಆಕೆ ಪಕ್ಕದ ಮನೆಯ ಬಣ್ಣದಂಗಡಿ ಯಜಮಾನರಿಗೆ ವಿಷಯವೆಲ್ಲ ಹೇಳಿ, ದಯವಿಟ್ಟು ಅವರಿಗೆ ತಿಳಿಸಿ ಎಂದು ಹೋಗಿದ್ದಳು. ಬಣ್ಣದಂಗಡಿ ಯಜಮಾನರು ತಮ್ಮ ಡಬ್ಬಿಗಳನ್ನಿಡುವ ಶೆಡ್ಡನ್ನು ರೈಲಿನ ಜಾಗಕ್ಕೆ ಚಾಚಿ ಕಟ್ಟಿಕೊಂಡಿದ್ದರು. ಹಾದಿ ಬಂದರೆ ಶೆಡ್ಡು ಹೋಗುತ್ತದೆ. ಆದ್ದರಿಂದ ಅವರು ತಿಳಿಸಲಿಲ್ಲ.

ಒಂದು ಸಂಜೆ ಆಯ್ತಪ್ಪನವರು ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಹಿಂದಿನ ಓಣಿಯಿಂದ ಬರುತ್ತಿದ್ದಾಗ ಇಂಜಿನಿಯರಮ್ಮ ಎದುರಿಗೆ ಸಿಕ್ಕಳು. ಕೈಯಲ್ಲಿ ಅಳತೆ ಟೇಪಿನ ಒಂದು ತುದಿ.

"ಈ ಮನೆ ನಿಮ್ದೇನಾ ಸಾರ್?"

"ಹೂಂ."

"ಪಕ್ಕದ ಮನೆಯವರು ವಿಷಯ ಹೇಳಿರಬೇಕಲ್ವಾ?"

"ಹೇಳಿದ್ರು, ಹೇಳಿದ್ರು." ಪಕ್ಕದ ಮನೆಯವರು ಬೆಳಿಗ್ಗೆ ಹೇಳಿದ್ದು ಚರಂಡಿ ಕಟ್ಟಿಕೊಂಡ ವಿಷಯ.

ಇಂಜಿನಿಯರಮ್ಮ ಧೈರ್ಯ ತಂದುಕೊಂಡಳು. "ಹಾಗಾದ್ರೆ ಸಾರ್, ಸ್ವಲ್ಪ ಹಾದಿ ಬಿಡ್ತೀರಾ?"

ಆಯ್ತಪ್ಪನವರು ಕೆಳಗೆ ನೋಡಿಕೊಂಡರು. ಅವರ ಎರಡು ಪಾದಗಳೂ ಅಳತೆ ಟೇಪಿನ ಮೇಲೇ ಇದ್ದವು. ಛೆ, ಯಾರದೋ ಕೆಲಸಕ್ಕೆ ಅಡ್ಡ ನಿಂತೆನಲ್ಲ ಎಂದು ನಾಚಿಕೆಯಾಯಿತು.

"ಆಯ್ತು, ಅದಕ್ಕೇನಂತೆ. ಎಷ್ಟು ಬಿಡ್ಲಿ?"

"ನಾಲ್ಕು ಅಡಿ ಸಿಕ್ಕಿದ್ರೆ ಸಾಕು ಸಾರ್."

"ನಾಲ್ಕು ಯಾಕಮ್ಮಾ, ಐದು ಬಿಡ್ತೀನಿ."

ಇಂಜಿನಿಯರಮ್ಮನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಮನೇಲಿ ಒಂದು ಮಾತು ಕೇಳ್ಬೇಕಲ್ವಾ ಸಾರ್?"

"ಇಷ್ಟಕ್ಕೆಲ್ಲ ಮನೇಲಿ ಕೇಳ್ಕೊಂಡು ಬರೋಕಾಗುತ್ತಾ?"

"ಮತ್ತೆ ಯಾವಾಗ ಬಿಡ್ತೀರಾ?"

"ಬಿಟ್ಟಾಯ್ತಲ್ಲ," ಎಂದು ಆಯ್ತಪ್ಪನವರು ಚೀಲಗಳನ್ನು ಎತ್ತಿ ಹಿಡಿದು, ಅಂದಾಜಿನಲ್ಲಿ ಐದು ಅಡಿ ಪಕ್ಕಕ್ಕೆ ಸರಿದು ಗೋಡೆಗೆ ಆತುಕೊಂಡು ನಿಂತರು.

ಇಂಜಿನಿಯರಮ್ಮನ ಕಣ್ಣು ತುಂಬಿತು. "ನಿಮ್ಮಂಥವರು ಊರಿಗೆ ಒಬ್ಬರಿದ್ರೆ ಸಾಕು ಸಾರ್," ಎಂದು ಕೈ ಮುಗಿದಳು. ಪಕ್ಕಕ್ಕೆ ಸರಿದದ್ದಕ್ಕೇ ಕೈ ಮುಗಿಯುವ ಕಾಲ ಬಂತಲ್ಲ, ಊರಿನಲ್ಲಿ ಮರ್ಯಾದೆ ಅಷ್ಟು ಕೆಟ್ಟುಹೋಗಿದೆಯೇ ಎಂದು ಆಯ್ತಪ್ಪನವರು ಮರುಗುತ್ತ ಮನೆಯೊಳಗೆ ಹೋದರು.

ಇಲ್ಲಿ ಕಥೆ ಹೇಳುವವರು ಒಂದು ಮಾತು ಸೇರಿಸಲೇಬೇಕು. ನಮ್ಮ ನುಡಿಯಲ್ಲಿ ಹಾದಿ ಬಿಡುವುದಕ್ಕೆ ಅರ್ಥ ಒಂದೇ ಅಲ್ಲ. ಎದುರಿಗೆ ಬಂದವರಿಗೆ ಪಕ್ಕಕ್ಕೆ ಸರಿದರೂ ಹಾದಿ ಬಿಟ್ಟ ಹಾಗೆ. ಓಡಾಡುವವರಿಗೆಂದು ಸ್ವಂತ ಜಾಗ ಕೊಟ್ಟರೂ ಹಾದಿ ಬಿಟ್ಟ ಹಾಗೆ. ಮೂರನೆಯ ಅರ್ಥವೊಂದಿದೆ, ಅದನ್ನು ಮರ್ಯಾದಸ್ಥರು ತಗ್ಗಿದ ದನಿಯಲ್ಲಿ ಆಡುತ್ತಾರೆ. ಅದು ಇನ್ನೂ ಬಸ್ಸಿನಲ್ಲಿ ಕೂತು ಬರುತ್ತಿದೆ, ಸ್ವಲ್ಪ ತಡೆಯಿರಿ.

ಮರುದಿನವೇ ಬಣ್ಣದಂಗಡಿ ಯಜಮಾನರು ಗೇಟಿನ ಹತ್ತಿರ ಹಿಡಿದು ನಿಲ್ಲಿಸಿದರು. "ಏನ್ರೀ, ನೀವು ಹಾದಿ ಬಿಟ್ರಂತೆ?"

"ಬಿಟ್ಟೆ. ಆಯಮ್ಮ ಕೇಳಿದ್ರು."

"ಕೇಳಿದ್ರೆ ಬಿಟ್ಟುಬಿಡೋದಾ?"

"ಕೇಳಿದ ಮೇಲೂ ಅಡ್ಡ ನಿಂತ್ಕೊಳ್ಳೋಕಾಗುತ್ತಾ? ನಾಲ್ಕು ಕೇಳಿದ್ರು, ಐದು ಬಿಟ್ಟೆ."

"ನಾಳೆ ಕಳ್ಳರು ಸೈಕಲ್ ಮೇಲೆ ಬರ್ತಾರೆ, ಆಗ ನೋಡ್ಕೊಳ್ಳಿ."

"ಬರಲಿ. ಅವರಿಗೂ ಬಿಡ್ತೀನಿ," ಎಂದು ಆಯ್ತಪ್ಪನವರು ಡಿಪೋಗೆ ಹೊರಟರು. ಕಳ್ಳನಿಗೆ ಎದುರು ನಿಲ್ಲುವ ಆಸಾಮಿಯಲ್ಲ ಅವರು. ಆದರೆ ಈ ಮಾತು ಬೀದಿಯಲ್ಲಿ ಮನೆಯಿಂದ ಮನೆಗೆ ಹೋಗುವಷ್ಟರಲ್ಲಿ ಎಂಥ ಎದೆಗಾರಿಕೆ, ಎಂಥ ದೊಡ್ಡ ಮನಸ್ಸು ಎಂದಾಗಿತ್ತು. ಇಲಿ ಹೋಯಿತು ಎಂದರೆ ಹುಲಿ ಹೋಯಿತು ಎನ್ನುವ ಬೀದಿ ಅದು.

ಡಿಪೋದಲ್ಲಿ ಮ್ಯಾನೇಜರು ಕರೆಸಿದರು. ಇದುವರೆಗೆ ಮ್ಯಾನೇಜರು ಕರೆಸಿದ್ದೆಲ್ಲ ಯಾರದೋ ಸೂಟ್‌ಕೇಸು ಇನ್ಯಾರಿಗೋ ಹೋದ ವಿಷಯಕ್ಕೆ. ಈ ಸಲ ಯಾರ ಸೂಟ್‌ಕೇಸೋ ಎಂದು ಲೆಕ್ಕ ಹಾಕುತ್ತ ಆಯ್ತಪ್ಪನವರು ಹೊರಟರು. ಒಳಗೆ ಹೋದರೆ ಮ್ಯಾನೇಜರು ಎದ್ದು ನಿಂತರು, ಕೈ ಕುಲುಕಿದರು, ಕುರ್ಚಿ ತೋರಿಸಿದರು. ಪಕ್ಕದಲ್ಲಿ ಒಬ್ಬ ಪತ್ರಿಕೆಯವನು ಕುಳಿತಿದ್ದ.

"ಹಾದಿ ಬಿಡಬೇಕು ಅಂತ ನಿಮಗೆ ಯಾಕನಿಸಿತು ಸಾರ್?" ಎಂದು ಪತ್ರಿಕೆಯವನು ಕೇಳಿದ.

ಆಯ್ತಪ್ಪನವರು ಯೋಚಿಸಿದರು. ಎಂಥ ಸಣ್ಣ ವಿಷಯಕ್ಕೆ ಎಂಥ ದೊಡ್ಡ ಪ್ರಶ್ನೆ. ಆದರೂ ಮ್ಯಾನೇಜರ ಮುಂದೆ ಸುಮ್ಮನಿರಬಾರದೆಂದು, "ನೋಡಿ, ಮನುಷ್ಯ ಅಂದ ಮೇಲೆ ಇನ್ನೊಬ್ಬರಿಗೆ ಹಾದಿ ಬಿಡಬೇಕು. ಎಲ್ಲರೂ ತಾವು ನಿಂತಲ್ಲೇ ನಿಲ್ತೀವಿ ಅಂದ್ರೆ ಊರು ನಡಿಯೋದು ಹೇಗೆ?" ಎಂದರು. ಪತ್ರಿಕೆಯವನು ಬರೆದುಕೊಂಡ. ಮ್ಯಾನೇಜರು ತಲೆದೂಗಿದರು. ಸಂಜೆ ಆಯ್ತಪ್ಪನವರು ಬಸ್ಸು ಹತ್ತಿದಾಗ ಕಂಡಕ್ಟರು ಯಾರನ್ನೋ ಎಬ್ಬಿಸಿ ಸೀಟು ಕೊಡಿಸಿದ. ಇಷ್ಟು ವರ್ಷದಲ್ಲಿ ಯಾರೂ ಅವರಿಗಾಗಿ ಎದ್ದಿರಲಿಲ್ಲ. ಕಿಟಕಿಯ ಪಕ್ಕ ಕುಳಿತು ಅವರು ಸುಖವಾಗಿ ಮನೆ ಸೇರಿದರು.

ಸುದ್ದಿ ಅಚ್ಚಾಯಿತು, ಜೊತೆಗೆ ಅವರ ಫೋಟೋ. ಫೋಟೋ ಚೆನ್ನಾಗಿ ಬಂದಿದೆಯೇ ಎಂದು ನೋಡುವುದರಲ್ಲಿ ಅವರು ಸುದ್ದಿ ಓದುವುದನ್ನು ಮರೆತರು. ಹೆಂಡತಿಗೆ ಅಂಚೆ ಕಚೇರಿಯಲ್ಲಿ ಯಾರೋ ತೋರಿಸಿದರಂತೆ, ಕೌಂಟರಿನಲ್ಲಿ ಜನ ಸಾಲುಗಟ್ಟಿದ್ದರಿಂದ ಆಕೆಯೂ ತಲೆಬರಹದಿಂದ ಕೆಳಗೆ ಇಳಿಯಲಿಲ್ಲ. "ಏನ್ರೀ ಇದು, ಹಾದಿ ಬಿಟ್ಟಿದ್ದಕ್ಕೆಲ್ಲ ಪೇಪರಲ್ಲಿ ಹಾಕ್ತಾರಾ?" ಎಂದು ಕೇಳಿದಳು. "ಕಾಲ ಹಾಗಿದೆ," ಎಂದರು ಆಯ್ತಪ್ಪನವರು.

ರಜೆಯ ದಿನ ಬೆಳಿಗ್ಗೆ ಹಿತ್ತಿಲಿನಲ್ಲಿ ಸದ್ದಾಯಿತು. ಹೆಂಡತಿ ಹೋಗಿ ನೋಡಿದರೆ ಇಂಜಿನಿಯರಮ್ಮನೂ ಇಬ್ಬರು ಕೆಲಸದವರೂ ಇದ್ದಾರೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಯ್ದು ಬಿಳಿ ಪುಡಿಯ ಗೆರೆಯೊಂದು ಹಿತ್ತಿಲಿನ ಈ ತುದಿಯಿಂದ ಆ ತುದಿಗೆ ಹೋಗಿದೆ.

"ಇದೇನಮ್ಮ?"

"ಯಜಮಾನ್ರು ಬಿಟ್ಟ ಐದು ಅಡಿ, ಮೇಡಂ."

ಹೆಂಡತಿ ಮನೆಗೆ ಬಂದವರಲ್ಲವೇ ಎಂದು ಒಳಗೆ ಹೋಗಿ ಕಾಫಿ ಮಾಡಿಕೊಟ್ಟು, ಅವರು ಹೋಗುವವರೆಗೆ ತಡೆದು, ಆಮೇಲೆ ಕರೆದಳು. "ರೀ, ಸ್ವಲ್ಪ ಬನ್ನಿ ಇಲ್ಲಿ."

ಆಯ್ತಪ್ಪನವರು ಗೆರೆ ನೋಡಿದರು. ಇಂಜಿನಿಯರಮ್ಮನ ಕಣ್ಣೀರು, ಬಣ್ಣದಂಗಡಿಯವರ ಸಿಟ್ಟು, ಮ್ಯಾನೇಜರ ಕುರ್ಚಿ, ಎಲ್ಲದರ ಅರ್ಥ ಒಟ್ಟಿಗೇ ಆಯಿತು. ಒಗೆಯುವ ಕಲ್ಲಿನ ಮೇಲೆ ಕುಸಿದು ಕುಳಿತು, ಓಣಿಯಲ್ಲಿ ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದರು.

"ಅಂದ್ರೆ ನೀವು ಬರೀ ಪಕ್ಕಕ್ಕೆ ಸರಿದಿದ್ದಾ?"

"ಹೂಂ."

"ಐದು ಅಡಿ?"

"ಹೂಂ."

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಭುಜ ಕುಲುಕುತ್ತಿತ್ತು. ನಗುವೋ ಅಳುವೋ ಆಯ್ತಪ್ಪನವರಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

"ಸರಿ, ಹೋಗಿ ಹೇಳಿ ಅವರಿಗೆ. ಅರ್ಥವಾಗದೆ ಹೂಂ ಅಂದೆ ಅಂತ."

"ಹೇಗೆ ಹೇಳೋದೇ? ಇಷ್ಟು ವರ್ಷಕ್ಕೆ ಮೊದಲ ಸಲ ನನ್ನ ನೋಡಿ ಜನ ಎದ್ದು ನಿಂತರು. ಇವನು ಏನೋ ಕೊಟ್ಟವನು ಅಂತ. ನಾನು ಜೀವನದಲ್ಲಿ ಕೊಟ್ಟಿದ್ದೆಲ್ಲ ಬೇರೆಯವರ ಕೊಡೆ." ಆಯ್ತಪ್ಪನವರು ಗೆರೆಯ ಪುಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಹೇಳಿಬಿಟ್ರೆ ನಾಳೆಯಿಂದ ಮತ್ತೆ ಅದೇ ಆಯ್ತಪ್ಪ."

"ಮನೆ ನನ್ನ ಹೆಸರಲ್ಲಿದೆ. ಬಿಡಬೇಕಾದ್ರೆ ನಾನು ಸಹಿ ಹಾಕ್ಬೇಕು."

"ಗೊತ್ತು."

"ಅಪ್ಪನಿಗೆ ಗೊತ್ತಾದ್ರೆ?"

ಹೆಂಡತಿ ಗೋಡೆಯ ಮೇಲಿಂದ ರೈಲಿನ ಜಾಗದ ಉದ್ದಕ್ಕೂ ನೋಡಿದಳು. "ಸೈಕಲ್ಲೂ ಹೋಗುತ್ತಂತಾ ಇದರಲ್ಲಿ?" ಎಂದು ಕೇಳಿದಳು. ಸೇತುವೆ ತನಕ ಹೋಗುತ್ತದಂತೆ ಎಂದರು ಆಯ್ತಪ್ಪನವರು. "ಯೋಚನೆ ಮಾಡ್ತೀನಿ," ಎಂದು ಆಕೆ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಈಗ ಮೂರನೆಯ ಅರ್ಥ ಬಸ್ಸಿನಿಂದ ಇಳಿಯಿತು.

ಹೆಡ್ ಮಾಸ್ತರು ತಮ್ಮ ಊರಿನಲ್ಲಿ ಅಂಗಡಿಯಿಂದ ಮೊಳೆ ತಂದಿದ್ದರು. ಪೊಟ್ಟಣ ಬಿಚ್ಚಿದರೆ ಕಾಗದದಲ್ಲಿ ಅಳಿಯನ ಮುಖ. ಕೆಳಗೆ ದಪ್ಪಕ್ಷರದಲ್ಲಿ, "ಹಾದಿ ಬಿಟ್ಟ ಡಿಪೋ ಗುಮಾಸ್ತ". ಮುಂದಿನದೆಲ್ಲ ಹರಿದುಹೋಗಿತ್ತು. ಮೊಳೆಯನ್ನು ಅಲ್ಲೇ ಸುರಿದು ಅವರು ಮೊದಲ ಬಸ್ಸು ಹತ್ತಿದ್ದರು. ಮನೆಯೊಳಗೆ ಕಾಲಿಟ್ಟಾಗ ಆಯ್ತಪ್ಪನವರು ಕೋಣೆಯಲ್ಲಿ ಅಂಗಿ ಹಾಕಿಕೊಳ್ಳುತ್ತಿದ್ದರು. ಮಾವನ ದನಿ ಕೇಳಿ, ಒಂದು ತೋಳು ಹಾಕಿ ಇನ್ನೊಂದು ತೋಳು ಹಾಕದೆ ಹಾಗೆಯೇ ನಿಂತರು.

"ಅಪ್ಪ, ಬರೋ ವಿಷಯ ತಿಳಿಸಲೇ ಇಲ್ಲ," ಎಂದಳು ಮಗಳು.

"ತಿಳಿಸಿ ಬರೋ ವಿಷಯವೇನಮ್ಮ ಇದು? ಪೇಪರಲ್ಲಿ ನೋಡಿದೆ. ನಿನ್ನ ಗಂಡ ಹಾದಿ ಬಿಟ್ಟನಂತೆ."

"ಹೂಂ ಅಪ್ಪ. ನಿಜ."

"ನಿನಗೆ ಯಾವಾಗ ಗೊತ್ತಾಯ್ತು?"

"ನನಗೇ ಕೊನೆಗೆ ಗೊತ್ತಾಗಿದ್ದು. ಬೀದಿಯವರಿಗೆಲ್ಲ ಮೊದಲೇ ಗೊತ್ತಿತ್ತು."

"ಅವರೇನಂದ್ರು?"

"ಹೊಗಳಿದ್ರು. ಡಿಪೋದಲ್ಲಿ ಮ್ಯಾನೇಜರು ಎದ್ದು ನಿಂತು ಕೈ ಕುಲುಕಿದ್ರಂತೆ."

ಹೆಡ್ ಮಾಸ್ತರು ಕುರ್ಚಿ ತಡವಿಕೊಂಡು ಕುಳಿತರು. ಲೋಕ ಇಷ್ಟು ಕೆಟ್ಟಿದೆ ಎಂದು ಅವರಿಗೆ ತಿಳಿದಿರಲಿಲ್ಲ. "ಇದಕ್ಕೆಲ್ಲ ಕಾರಣ ಯಾರು?"

"ಒಬ್ಬರು ಇಂಜಿನಿಯರಮ್ಮ."

"ಹೆಂಗಸು."

"ಒಳ್ಳೆಯವರು ಅಪ್ಪ. ಮನೆಗೂ ಬಂದಿದ್ರು. ನಾನೇ ಕಾಫಿ ಮಾಡಿಕೊಟ್ಟೆ."

"ನೀನೇ," ಎಂದರು ಹೆಡ್ ಮಾಸ್ತರು. ಕಣ್ಣು ಒರೆಸಿಕೊಂಡರು. "ಈಗ ಎಲ್ಲಿಯ ತನಕ ಬಂದಿದೆ ಇದು?"

"ಬಟ್ಟೆ ಒಗೆಯೋ ಕಲ್ಲಿನ ತನಕ. ಬನ್ನಿ, ತೋರಿಸ್ತೀನಿ."

ಹಿತ್ತಿಲಿನ ಗೆರೆಯ ಮುಂದೆ ನಿಂತು ಮಗಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಹೆಡ್ ಮಾಸ್ತರ ಮುಖ ಒಂದು ಗಳಿಗೆ ಅರಳಿತು. ಮರುಗಳಿಗೆ ಕೆಂಪೇರಿತು. ಮನೆಯ ಕಡೆ ತಿರುಗಿ, ಕೋಣೆಯೊಳಗಿನವರಿಗೂ ಕೇಳಿಸುವಂತೆ, "ಹಾದಿ ಬಿಟ್ಟಿದ್ರೆ ನಾಲ್ಕು ಬುದ್ಧಿ ಹೇಳಿ ದಾರಿಗೆ ತರಬಹುದಿತ್ತು. ಇವನು ಜಾಗ ಬಿಟ್ಟಿದ್ದಾನೆ," ಎಂದರು. "ಅತ್ತೆ ಒಡವೆ ಅಳಿಯ ದಾನ ಮಾಡಿದ ಅಂತ ಗಾದೆ ಕೇಳಿದ್ದೆ. ನಮ್ಮ ಮನೇಲಿ ಅದು ಮಾವನ ಹಿತ್ತಿಲು."

ಮರುದಿನ ಇಂಜಿನಿಯರಮ್ಮ ಒಪ್ಪಿಗೆಯ ಕಾಗದ ತಂದಾಗ ಹೆಡ್ ಮಾಸ್ತರು ಹಿತ್ತಿಲಿನಲ್ಲಿ, ಬಿಳಿ ಗೆರೆಯ ಆಚೆ, ಸರಿಯಾಗಿ ಆ ಐದು ಅಡಿಯ ನಡುವೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಬೀದಿಯವರು ಗೋಡೆಯ ಮೇಲೆ ತಲೆ ಸಾಲುಗಟ್ಟಿಸಿದ್ದರು. ಬಣ್ಣದಂಗಡಿ ಯಜಮಾನರು ನೋಡಲು ಅನುಕೂಲವಾಗಲೆಂದು ಡಬ್ಬಿಯೊಂದರ ಮೇಲೆ ಹತ್ತಿದ್ದರು.

"ನಾನಿರೋ ತನಕ ಇಲ್ಲಿ ಒಂದು ಸೈಕಲ್ ಹೋಗಲ್ಲ," ಎಂದರು ಹೆಡ್ ಮಾಸ್ತರು.

ಇಂಜಿನಿಯರಮ್ಮ ಆಯ್ತಪ್ಪನವರ ಕಡೆ ತಿರುಗಿದಳು. "ಸಾರ್, ನೀವು ಮಾತು ಕೊಟ್ಟಿದ್ರಿ. ನಿಮ್ಮನ್ನ ನಂಬಿ ಆ ಕಡೆ ಸೇತುವೆಯಿಂದ ಕೆಲಸ ಶುರು ಮಾಡಿಬಿಟ್ಟಿದ್ದೀವಿ."

ಅತ್ತ ದರಿ, ಇತ್ತ ಪುಲಿ. ಆಯ್ತಪ್ಪನವರಿಗೆ ಎರಡು ಕಡೆಯೂ ಆಯ್ತು ಅನ್ನುವ ಆಸೆ. ಆದರೆ ಹೀಗೆ ಎಲ್ಲರೂ ಒಟ್ಟಿಗೆ ಬಾಯಿ ನೋಡುತ್ತ ನಿಂತಾಗ ನಿಜ ಬಿಟ್ಟರೆ ಬೇರೇನೂ ನೆನಪಿಗೆ ಬರಲಿಲ್ಲ.

"ನಾನು ಏನೂ ಕೊಡಲಿಲ್ಲಮ್ಮ. ನಿಮ್ಮ ಟೇಪಿನ ಮೇಲೆ ನಿಂತಿದ್ದೆ. ಹಾದಿ ಬಿಡಿ ಅಂದ್ರಿ, ಪಕ್ಕಕ್ಕೆ ಸರಿದೆ. ಅಷ್ಟೇ ಆಗಿದ್ದು."

ಇಂಜಿನಿಯರಮ್ಮನ ಮುಖ ಸಪ್ಪಗಾಯಿತು. ಗೋಡೆಯ ಮೇಲಿನ ತಲೆಗಳು ಒಂದನ್ನೊಂದು ನೋಡಿಕೊಂಡವು. ಬಣ್ಣದಂಗಡಿ ಯಜಮಾನರು ಮಾತ್ರ ಡಬ್ಬಿ ಅಲುಗುವಷ್ಟು ನಕ್ಕರು. "ನಾನು ಹೇಳಲಿಲ್ವಾ? ಈ ಮನುಷ್ಯ ಕೊಡೋದುಂಟಾ?"

ಆಯ್ತಪ್ಪನವರ ಕಿವಿ ಬಿಸಿಯಾಯಿತು. "ಅರ್ಥವಾಗದೆ ಹೂಂ ಅಂದೆ, ನಿಜ. ಆದ್ರೆ ಅರ್ಥವಾದ ಮೇಲೂ ನನಗೆ ಇಲ್ಲ ಅನ್ನೋ ಮನಸ್ಸಿಲ್ಲ. ಜನ ಆ ಲಾರಿಗಳ ಮಧ್ಯೆ ಜೀವ ಕೈಲಿ ಹಿಡ್ಕೊಂಡು ಹೋಗ್ತಾರೆ, ದಿನಾ ನೋಡ್ತೀನಿ. ನನ್ನದಾಗಿದ್ದಿದ್ರೆ ಕೊಡ್ತಿದ್ದೆ. ನನ್ನದು ಅಂತ ಏನೂ ಇಲ್ಲ, ಏನ್ಮಾಡ್ಲಿ?"

ಆಗ ಒಳಗಿನಿಂದ ಹೆಂಡತಿ ಬಂದಳು. ಕೈಯಲ್ಲಿ ಪೆನ್ನು.

"ಅಪ್ಪ, ನನ್ನ ಸೈಕಲ್ ನೆನಪಿದೆಯಾ?"

ಹೆಡ್ ಮಾಸ್ತರು ತಲೆಯೆತ್ತಿದರು. ಆಯ್ತಪ್ಪನವರೂ ಎತ್ತಿದರು. ಹೆಂಡತಿಗೆ ಸೈಕಲ್ ಬರುತ್ತದೆ ಎಂಬುದೇ ಅವರಿಗೆ ಹೊಸ ಸುದ್ದಿ.

"ಹೈಸ್ಕೂಲಿಗೆ ಹೋಗೋಕೆ ನೀವೇ ಕೊಡಿಸಿದ್ರಿ. ಕಲಿಸಿದ್ದೂ ನೀವೇ. ಯಾರೋ ಏನೋ ಅಂದ್ರು ಅಂತ ವರ್ಷ ತುಂಬೋದರೊಳಗೆ ಮಾರಿಬಿಟ್ರಿ. ಸೈಕಲ್ ಹತ್ತಿದ ಹುಡುಗಿ ಹಾದಿ ಬಿಡ್ತಾಳೆ ಅಂದ್ರಿ. ನಾನು ಆವತ್ತಿಂದ ಇವತ್ತಿನ ತನಕ ಯಾವ ಹಾದೀನೂ ಬಿಡಲಿಲ್ಲ, ಅಪ್ಪ. ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ." ಆಕೆ ಪೆನ್ನಿನ ಮುಚ್ಚಳ ತೆಗೆದಳು. "ಇವತ್ತು ಬಿಡ್ತೀನಿ. ಏಳಿ ಅಲ್ಲಿಂದ."

ಕಾಗದವನ್ನು ಒಗೆಯುವ ಕಲ್ಲಿನ ಮೇಲಿಟ್ಟು ಸಹಿ ಹಾಕಲು ಹೋದಳು. "ಇಂಜಿನಿಯರಮ್ಮ, ನಿಮ್ಮ ಪೆನ್ನು ಕೊಡಿ, ಇದು ಬರೀತಿಲ್ಲ. ಮತ್ತೆ ಇಲ್ಲಿ ನಾಲ್ಕು ಅಂತ ಇದೆಯಲ್ಲ, ಐದು ಮಾಡಿ. ನಮ್ಮನೆಯವರು ಐದು ಅಂದಿದ್ದಾರೆ."

ಹೆಡ್ ಮಾಸ್ತರು ಎದ್ದರು. ಕುರ್ಚಿಯನ್ನು ಎತ್ತಿ ಗೆರೆಯ ಈಚೆಗೆ ಇಟ್ಟುಕೊಂಡು ಕುಳಿತರು. ಆಮೇಲೆ ಇಂಜಿನಿಯರಮ್ಮನನ್ನು ಹತ್ತಿರ ಕರೆದು ಮೆಲ್ಲಗೆ, "ಪಂಪ್‌ಹೌಸಿನ ಹತ್ತಿರ ಇಳಿಜಾರು ಜಾಸ್ತಿ ಮಾಡಬೇಡಮ್ಮ. ಇವಳು ಬ್ರೇಕು ಹಿಡಿಯೋದು ಯಾವಾಗಲೂ ತಡ," ಎಂದರು.

ಹಾದಿಯ ಕೆಲಸ ಮುಗಿಯುವವರೆಗೂ ಹೆಡ್ ಮಾಸ್ತರು ತಮ್ಮ ಊರಿಗೆ ಹೋಗಲಿಲ್ಲ. ಪೊದೆ ಕಡಿದರು, ಜಲ್ಲಿ ಸುರಿದರು, ರೋಲರು ಓಡಿತು. ಮಾವ ಮುಂದೆ, ಅಳಿಯ ಹಿಂದೆ, ಇಬ್ಬರೂ ದಿನಕ್ಕೆರಡು ಸಲ ಹೋಗಿ ಇದು ನಮ್ಮ ಮನೆಯ ಕೆಲಸ ಎನ್ನುವ ಹಾಗೆ ನೋಡಿ ಬರುತ್ತಿದ್ದರು. ಬಣ್ಣದಂಗಡಿಯ ಶೆಡ್ಡು ಹೋಯಿತು. ಆದರೆ ಹಾದಿಯ ನಡುವಿನ ಗೆರೆಗೆ ಬೇಕಾದ ಬಣ್ಣವನ್ನೆಲ್ಲ ನಗರಸಭೆ ಅದೇ ಅಂಗಡಿಯಿಂದ ಕೊಂಡದ್ದರಿಂದ ಯಜಮಾನರು "ಊರಿಗೆ ಇಂಥದ್ದೊಂದು ಬೇಕಿತ್ತು, ಮೊದಲಿಂದಲೂ ನಾನು ಹೇಳ್ತಾನೇ ಇದ್ದೆ," ಎನ್ನತೊಡಗಿದರು. ಪಂಪ್‌ಹೌಸಿನ ಎದುರಿಗೆ ನೆಟ್ಟ ಕಲ್ಲಿನಲ್ಲಿ "ಹಾದಿ ಬಿಟ್ಟವರು" ಎಂದು ಕೆತ್ತಿ ಕೆಳಗೆ ಹೆಂಡತಿಯ ಹೆಸರು ಹಾಕಿದ್ದರು. ಹೆಡ್ ಮಾಸ್ತರು ಅದನ್ನು ನೋಡಿ ಹೌಹಾರಿ, "ಜಾಗ ಕೊಟ್ಟವರು ಅಂತ ತಿದ್ದಿಸಿ" ಎಂದರು. ಮಗಳು, "ಇರಲಿ ಬಿಡಿ ಅಪ್ಪ, ಓದಿದವರು ಒಂದು ಸಲ ನಿಂತು ನೋಡ್ಲಿ," ಎಂದಳು.

ಹಾದಿ ತೆರೆಯುವ ದಿನ ಬೆಳಿಗ್ಗೆ ಹೆಡ್ ಮಾಸ್ತರು ಯಾರಿಗೂ ಹೇಳದೆ ಹೊರಗೆ ಹೋಗಿ ಒಂದು ಹೊಸ ಸೈಕಲ್ ತಳ್ಳಿಕೊಂಡು ಬಂದರು. ಅದು ಸ್ವಲ್ಪ ಚಿಕ್ಕದಾಗಿತ್ತು. ಅಂಗಡಿಯವನು ಮಗಳಿಗೆ ಎಷ್ಟು ವಯಸ್ಸು ಎಂದು ಕೇಳಿದಾಗ, ಯಾವ ಗುಂಗಿನಲ್ಲಿದ್ದರೋ, ಹದಿನಾಲ್ಕು ಎಂದುಬಿಟ್ಟಿದ್ದರು. ಆಯ್ತಪ್ಪನವರು ಸೀಟನ್ನು ಎಷ್ಟು ಎತ್ತರಿಸಬಹುದೋ ಅಷ್ಟು ಎತ್ತರಿಸಿ ಕೊಟ್ಟರು. ಹೆಂಡತಿ ಸೈಕಲ್ಲಿನ ಹ್ಯಾಂಡಲ್ ಹಿಡಿದು ಗಂಟೆ ಬಾರಿಸಿ ನೋಡಿದಳು.

ಮಾರುಕಟ್ಟೆಯ ತುದಿಯಲ್ಲಿ ಕಾರ್ಯಕ್ರಮ ಹೀಗಿತ್ತು: ನಗರಸಭೆ ಅಧ್ಯಕ್ಷರು ರಿಬ್ಬನ್ ಕತ್ತರಿಸುವುದು, ಹಾದಿ ಬಿಟ್ಟವರು ಮೊದಲಿಗೆ ಸೈಕಲ್ಲಿನಲ್ಲಿ ಪಂಪ್‌ಹೌಸಿನವರೆಗೆ ಹೋಗಿ ತಿರುಗಿ ಬರುವುದು, ಅವರಿಗೆ ಸನ್ಮಾನ, ಆಮೇಲೆ ಅಧ್ಯಕ್ಷರ ದೀರ್ಘ ಭಾಷಣ. ರಿಬ್ಬನ್ ಕತ್ತರಿಸಿದ್ದಾಯಿತು. ಹೆಂಡತಿ ಸೈಕಲ್ ಹತ್ತಿದಳು. ಮೊದಲು ಎಡಕ್ಕೆ ವಾಲಿ, ಆಮೇಲೆ ಬಲಕ್ಕೆ ವಾಲಿ, ಜನ ಅಯ್ಯೋ ಎನ್ನುವಷ್ಟರಲ್ಲಿ ನೆಟ್ಟಗಾದಳು. ಮೊಣಕಾಲು ಹ್ಯಾಂಡಲಿಗೆ ತಾಕುತ್ತಿದ್ದರೂ ತುಳಿದಳು. ಪಂಪ್‌ಹೌಸು ಬಂತು. ಆಕೆ ತಿರುಗಲಿಲ್ಲ. ಗಂಟೆ ಬಾರಿಸುತ್ತ ತಿರುವಿನಲ್ಲಿ ಮರೆಯಾದಳು.

ಜನ ಕಾದರು. ಮೈಕಿನವನು ಮೈಕು ತಟ್ಟಿ ತಟ್ಟಿ ನೋಡಿದ. ಅಧ್ಯಕ್ಷರು ಗಡಿಯಾರ ನೋಡಿಕೊಂಡರು, ಭಾಷಣದ ಹಾಳೆಗಳಿಂದ ಗಾಳಿ ಹಾಕಿಕೊಂಡರು, ಕೊನೆಗೆ ಸಿಡುಕಿದರು. "ಯಾರ್ರೀ ಆಕೆ? ಎಲ್ಲಿಗೆ ಹೋದ್ರು?"

ಇಂಜಿನಿಯರಮ್ಮ ನೆಲ ನೋಡಿದಳು. ಹಿಂದೆ ನಿಂತಿದ್ದ ಆಯ್ತಪ್ಪನವರು ಜನರ ನಡುವೆ ನುಗ್ಗಿ, ನೇರ ಅಧ್ಯಕ್ಷರ ಮುಂದೆ ಬಂದು ನಿಂತರು. ಎದೆ ಅಂಗಿಯ ಗುಂಡಿಗೆ ಭಾರವಾಗುವಷ್ಟು ಉಬ್ಬಿತ್ತು.

"ನನ್ನ ಹೆಂಡತಿ, ಸಾರ್. ಸೇತುವೆ ತನಕ ಹೋಗಿದ್ದಾಳೆ. ಬರ್ತಾಳೆ, ಕಾಯಿರಿ."

"ಎಷ್ಟು ಹೊತ್ತು ಅಂತ ಕಾಯೋದ್ರೀ?"

ಉತ್ತರ ಬಂದದ್ದು ಹಿಂದಿನಿಂದ. ಹೆಡ್ ಮಾಸ್ತರು ಮುಖ್ಯ ಅತಿಥಿಗಳಿಗೆಂದು ಬಟ್ಟೆ ಹೊದಿಸಿಟ್ಟಿದ್ದ ಎರಡು ಕುರ್ಚಿಗಳನ್ನು ಹಾದಿಯ ಪಕ್ಕಕ್ಕೆ ಎಳೆಯುತ್ತಿದ್ದರು. "ನಾನು ಅವಳನ್ನ ಮೂವತ್ತು ವರ್ಷ ಕಾಯಿಸಿದ್ದೀನಿ. ನೀವು ಅರ್ಧ ಗಂಟೆ ಕಾದ್ರೆ ಏನೂ ಆಗಲ್ಲ," ಎಂದರು. ಒಂದು ಕುರ್ಚಿಯ ಧೂಳನ್ನು ಕೈಯಿಂದ ಒರೆಸಿದರು. "ಬನ್ನಿ ಅಳಿಯಂದ್ರೆ, ಕೂತ್ಕೊಳ್ಳಿ. ಅವಳು ಬೇಗ ಬರೋ ಹಾಗೆ ಕಾಣಲ್ಲ."

ಮಾವ ಅಳಿಯ ಅಕ್ಕಪಕ್ಕ ಕುಳಿತರು. ಅವರನ್ನು ನೋಡಿ ಬೀದಿಯವರು ಕುಳಿತರು. ಕೊನೆಗೆ ಬೇರೆ ಉಪಾಯ ಕಾಣದೆ ಅಧ್ಯಕ್ಷರೂ ಭಾಷಣವನ್ನು ಜೇಬಿಗೆ ಹಾಕಿಕೊಂಡು ಕುಳಿತರು. ಊರಿಗೆ ಊರೇ ಅಂಚೆ ಕಚೇರಿಯ ಆ ಹೆಂಗಸಿನ ಹಾದಿ ಕಾಯತೊಡಗಿತು.